ಸೂರ್ಯ ಉರುಳುವ ಬೆಟ್ಟಕ್ಕೆ ಕಾಲ್ನಡಿಗೆ

ಗೊಣಗಬಾರದು. ಇದ್ದ ಷರತ್ತು ಅದೊಂದೇ.

ಐರ್ಲೆಂಡಿನ ಪಶ್ಚಿಮದ ಅಂಚಿನಲ್ಲಿರುವ ಮೇಯೋ ಜಿಲ್ಲೆಯ ಬ್ಯಾಲಿನ್‌ಟಬ್ಬರ್ ಎಂಬ ಹಳ್ಳಿ. ಬೆಳಗಿನ ಒಂಬತ್ತು ಗಂಟೆ. ಅಲ್ಲಿನ ಹಳೆಯ ಇಗರ್ಜಿಯೊಳಗೆ ನಾವು ಹದಿನಾಲ್ಕು ಮಂದಿ ಆಗಷ್ಟೇ ಒಂದೊಂದು ಮೇಣದಬತ್ತಿ ಹಚ್ಚಿಟ್ಟು ನಿಂತಿದ್ದೆವು. ದಾರಿ ತೋರಿಸಲು ಬಂದಿದ್ದ ಹೆಂಗಸು ನನಗಿಂತ ಹತ್ತು ವರ್ಷವಾದರೂ ದೊಡ್ಡವರು. ಅವರು ಹೇಳಿದರು: “ಕಾಲು ನೋಯುತ್ತದೆ, ಮಳೆ ಬರುತ್ತದೆ, ಕೆಸರಿನಲ್ಲಿ ಬೀಳುತ್ತೀರಿ. ಗೊಣಗುವಂತಿಲ್ಲ. ಗೊಣಗಬೇಕು ಅನ್ನಿಸಿದಾಗಲೆಲ್ಲ ‘ದೇವರಿಗೆ ವಂದನೆ’ ಅನ್ನಿ. ಈ ದಾರಿಯ ಪದ್ಧತಿ ಅದು.”

ನಾನು ಮೂವತ್ತು ವರ್ಷದಿಂದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿರುವವನು. ಗೊಣಗದೆ ಒಂದು ದಿನ ಕಳೆದ ಉಪಾಧ್ಯಾಯರನ್ನು ನಮ್ಮ ಸ್ಟಾಫ್ ರೂಮಿನಲ್ಲಿ ಇದುವರೆಗೆ ಕಂಡಿಲ್ಲ. ದೇವರಿಗೆ ವಂದನೆ ಹೇಳುವುದಂತೂ ನನಗೆ ಎಳೆಯ ವಯಸ್ಸಿನಲ್ಲೇ ತಪ್ಪಿಹೋದ ಅಭ್ಯಾಸ. ಹೀಗಿರುವಾಗ ನಾನು ಅಲ್ಲಿಗೆ ಹೋಗಿ ನಿಂತದ್ದು ಹೇಗೆ ಎಂಬುದನ್ನು ಮೊದಲು ಹೇಳಬೇಕು.

ಮಗಳು ಗಾಲ್ವೇ ಪಟ್ಟಣದಲ್ಲಿ ವೈದ್ಯಕೀಯ ಉಪಕರಣ ತಯಾರಿಸುವ ಕಂಪನಿಯೊಂದರಲ್ಲಿ ಎಂಜಿನಿಯರು. ಮೊಮ್ಮಗನಿಗೆ ವರ್ಷ ತುಂಬುವುದನ್ನು ನೋಡೋಣವೆಂದು ಬೇಸಿಗೆ ರಜೆ ಶುರುವಾದ ಕೂಡಲೇ ಗಂಡಹೆಂಡತಿ ಇಬ್ಬರೂ ಹೊರಟೆವು. ಆ ಸಲ ನನಗೆ ಉತ್ತರಪತ್ರಿಕೆ ತಿದ್ದುವ ಕೆಲಸದಿಂದ ಬಿಡುಗಡೆ ಸಿಕ್ಕಿತ್ತು. ಹೋದ ನಾಲ್ಕೇ ದಿನದಲ್ಲಿ ಮಗಳ ಮನೆಯ ಸಡಿಲ ಹಿಡಿಗಳು, ಸೋರುವ ನಲ್ಲಿ, ಕಿರುಗುಟ್ಟುವ ಬಾಗಿಲು ಎಲ್ಲವನ್ನೂ ರಿಪೇರಿ ಮಾಡಿ ಮುಗಿಸಿ, ಮುಂದೇನೆಂದು ಕಿಟಕಿಯಿಂದ ಮಳೆ ನೋಡುತ್ತ ಕೂತೆ. ನನ್ನ ಮುಖ ನೋಡಲಾರದೆ ಅಳಿಯ ಒಂದು ಕರಪತ್ರ ತಂದುಕೊಟ್ಟ. ‘ತೋಖರ್ ಫಾಡ್ರಿಗ್’, ಅಂದರೆ ಪ್ಯಾಟ್ರಿಕ್ ಸಂತನ ಕಟ್ಟುದಾರಿ. ಬ್ಯಾಲಿನ್‌ಟಬ್ಬರಿನಿಂದ ಕ್ರೋ ಪ್ಯಾಟ್ರಿಕ್ ಬೆಟ್ಟದವರೆಗೆ 35 ಕಿಲೋಮೀಟರು. “ದೇವರ ವಿಷಯ ಬಿಡಿ ಮಾವ, ಇದನ್ನು ಓದಿ” ಎಂದು ಕೆಳಗಿನ ನಾಲ್ಕು ಸಾಲು ತೋರಿಸಿದ. ದಾರಿಯಲ್ಲಿ ಬೋಹೆ ಎಂಬಲ್ಲಿ ಒಂದು ಬಂಡೆಯಿದೆ. ವರ್ಷಕ್ಕೆ ಎರಡು ಸಲ, ಏಪ್ರಿಲ್ 18ಕ್ಕೆ ಮತ್ತು ಆಗಸ್ಟ್ 24ಕ್ಕೆ, ಅಲ್ಲಿ ನಿಂತು ನೋಡಿದರೆ ಮುಳುಗುವ ಸೂರ್ಯ ಬೆಟ್ಟದ ತುದಿಯ ಮೇಲೆ ಕೂತು, ಅಲ್ಲಿಂದ ಇಳಿಜಾರಿನ ಮೇಲೆ ಚೆಂಡಿನಂತೆ ಉರುಳಿಕೊಂಡು ಇಳಿಯುತ್ತಾನೆ.

ಅವತ್ತು ಏಪ್ರಿಲ್ 15.

ಅಂತೂ ನಾನು ಹೊರಟದ್ದು ಪುಣ್ಯಕ್ಕಲ್ಲ, ಸೂರ್ಯನಿಗೆ. ನನ್ನ ಹೆಂಡತಿ ಮಾತ್ರ, “ನೀವು ನಡೆಯಿರಿ. ನಾನು ಜೀವಮಾನವೆಲ್ಲ ಅಡಿಗೆಮನೆಯಿಂದ ನಡುಮನೆಗೆ ನಡೆದದ್ದೇ ಸಾಕಷ್ಟಾಗಿದೆ” ಎಂದು ಮಗಳು ಮೊಮ್ಮಗನ ಜೊತೆ ಹತ್ತಿರದ ವೆಸ್ಟ್‌ಪೋರ್ಟ್ ಪಟ್ಟಣದಲ್ಲಿ ಬಾಡಿಗೆಗೆ ಹಿಡಿದ ಕೋಣೆಯಲ್ಲೇ ಉಳಿದಳು. ಗಟ್ಟಿಗರು ಇಡೀ ದಾರಿಯನ್ನು ಒಂದೇ ದಿನದಲ್ಲಿ ಮುಗಿಸುತ್ತಾರೆ. ನಮ್ಮದು ನಿಧಾನದ ಗುಂಪು, ಮೂರು ದಿನದ ನಡಿಗೆ. ಸಂಜೆ ಅಳಿಯ ಕಾರಿನಲ್ಲಿ ಬಂದು ಕರೆದೊಯ್ಯುವುದು, ಬೆಳಿಗ್ಗೆ ಬಿಟ್ಟಲ್ಲಿಗೇ ತಂದು ಬಿಡುವುದು. ಯಾತ್ರೆ ಎನ್ನಲು ಸ್ವಲ್ಪ ಸಂಕೋಚವಾಗುವ ಏರ್ಪಾಡು.

ಬ್ಯಾಲಿನ್‌ಟಬ್ಬರ್ ಎಂದರೆ ಬಾವಿಯ ಊರು ಎಂದರ್ಥ. ಅಲ್ಲಿನ ಮಠವನ್ನು ಕಟ್ಟಿಸಿದ್ದು 1216ರಲ್ಲಿ, ಕಾನಾಕ್ಟ್ ಸೀಮೆಯ ದೊರೆ ಕಹಲ್ ಓಕಾನರ್. 1653ರಲ್ಲಿ ಕ್ರಾಮ್‌ವೆಲ್ಲನ ಸೈನಿಕರು ಸುಟ್ಟರು, ಚಾವಣಿ ಹೋಯಿತು. ಆದರೂ ಪೂಜೆ ನಿಲ್ಲಲಿಲ್ಲ ಎಂದು ಊರವರು ಹೆಮ್ಮೆಯಿಂದ ಹೇಳುತ್ತಾರೆ. ಮುರಿದ ಗೋಡೆಗಳ ನಡುವೆ, ಮಳೆಯಲ್ಲಿ ಮೊಣಕಾಲೂರಿ ತಲೆಮಾರುಗಟ್ಟಲೆ ಪ್ರಾರ್ಥನೆ ಮಾಡಿದರಂತೆ. ಮತ್ತೆ ಚಾವಣಿ ಹೊದಿಸಿ ಸರಿಪಡಿಸಿದ್ದು 1966ರ ಹೊತ್ತಿಗೆ, 750 ವರ್ಷ ತುಂಬಿದಾಗ. ದಾರಿಯೋ ಮಠಕ್ಕಿಂತ ಹಳೆಯದು, ಪ್ಯಾಟ್ರಿಕ್ ಸಂತನಿಗಿಂತಲೂ ಹಳೆಯದು. ಕಾನಾಕ್ಟ್ ದೊರೆಗಳ ರಾಜಧಾನಿಯಾಗಿದ್ದ ಕ್ರೂಹನ್‌ನಿಂದ ಬೆಟ್ಟಕ್ಕೆ ಹೋಗುತ್ತಿದ್ದ ರಥದ ಹಾದಿ ಅದು. ಐದನೆಯ ಶತಮಾನದಲ್ಲಿ ಪ್ಯಾಟ್ರಿಕ್ ಬಂದು ಅದೇ ಬೆಟ್ಟದ ಮೇಲೆ ನಲವತ್ತು ದಿನ ಉಪವಾಸ ಕೂತ. ಜನ ಹಳೆಯ ದಾರಿಯಲ್ಲೇ ಹೊಸ ದೇವರಿಗೆ ನಡೆದರು. ನಮ್ಮಲ್ಲೂ ನಡೆದಿರುವುದು ಇದೇ ತಾನೆ.

ಮಠದ ಪಕ್ಕದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಹಳೆಯ ಸ್ನಾನದ ತಾಣದ ಕುರುಹು. ಬೆಟ್ಟಕ್ಕೆ ಹೋಗಿ ಬಂದ ಯಾತ್ರಿಕರು ಅಲ್ಲಿ ಕಾಲು ತೊಳೆಯುತ್ತಿದ್ದರಂತೆ. ಬೆಂಕಿಯಲ್ಲಿ ಕಲ್ಲು ಕಾಯಿಸಿ ನೀರಿಗೆ ಹಾಕಿ ನೀರು ಬಿಸಿ ಮಾಡುತ್ತಿದ್ದರು. ನಾನು ಒಂಬತ್ತನೆಯ ತರಗತಿಗೆ ಉಷ್ಣದ ಪಾಠ ಮಾಡುವಾಗ ಹೇಳುವ ಲೆಕ್ಕವೇ: ಇಷ್ಟು ತೂಕದ ಕಲ್ಲು, ಇಷ್ಟು ತಾಪ, ಇಷ್ಟು ನೀರು. ನಿಂತು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದೆ. ಗುಂಪು ಆಗಲೇ ಗದ್ದೆಯ ಬೇಲಿ ದಾಟಿತ್ತು.

ದಾರಿ ಎಂದರೆ ದಾರಿಯಲ್ಲ. ಕುರಿ ಮೇಯುವ ಗದ್ದೆಗಳು, ಒಂದರಿಂದ ಇನ್ನೊಂದಕ್ಕೆ ಮರದ ಏಣಿಮೆಟ್ಟಿಲು, ಮೇಲೆ ಗುರುತಿನ ಫಲಕ. ಎಲ್ಲವೂ ಖಾಸಗಿ ಜಮೀನು. ರೈತರು ಒಪ್ಪಿ ಬಿಟ್ಟುಕೊಟ್ಟಿದ್ದಾರೆ. ಅದಕ್ಕೇ ಮಠದಲ್ಲಿ ಹೆಸರು ಬರೆಸಿ ಹೋಗಬೇಕು, ನಾಯಿ ತರುವಂತಿಲ್ಲ. ಏಪ್ರಿಲ್ ಎಂದರೆ ಅಲ್ಲಿ ಕುರಿ ಮರಿ ಹಾಕುವ ಕಾಲ. ಬೇಲಿಯುದ್ದಕ್ಕೂ ಮುಳ್ಳುಗಂಟಿಗಳು ಹಳದಿ ಹೂ ಬಿಟ್ಟಿದ್ದವು. ಗದ್ದೆ ಮುಗಿದರೆ ಜೌಗು. ಅದೊಂದು ವಿಚಿತ್ರ ನೆಲ: ಸಾವಿರಾರು ವರ್ಷದ ಪಾಚಿ ಕೊಳೆಯಲಾರದೆ ಒಂದರ ಮೇಲೊಂದು ಕೂತದ್ದು. ಆಮ್ಲಜನಕವಿಲ್ಲ, ಹುಳಿ ನೀರು, ಬ್ಯಾಕ್ಟೀರಿಯಾಕ್ಕೆ ಕೆಲಸವಿಲ್ಲ. ಕಾಲಿಟ್ಟರೆ ನೆಲವೇ ಉಸಿರೆಳೆದಂತೆ ಶಬ್ದ. ಮೊದಲ ದಿನ ಮಧ್ಯಾಹ್ನದೊಳಗೆ ನಾನು ಎರಡು ಸಲ ಮೊಣಕಾಲುದ್ದ ಹೂತೆ. ಎರಡನೆಯ ಸಲ ಬಾಯಿಗೆ ಬಂದದ್ದು ಅಪ್ಪಟ ಮಲೆನಾಡಿನ ಬೈಗುಳ. ಕನ್ನಡದಲ್ಲಿದ್ದುದರಿಂದ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ನನ್ನ ಪಕ್ಕದಲ್ಲಿ ನಡೆಯುತ್ತಿದ್ದವರು ಡಬ್ಲಿನ್ನಿನಲ್ಲಿ ಬಸ್ ಓಡಿಸಿ ನಿವೃತ್ತರಾದವರು. ಎತ್ತರದ ಆಳು, ಮಾತು ಕಡಿಮೆ. ನಾನು ಏಣಿಯಿಂದ ಇಳಿಯುವಾಗ ಪ್ರತಿಸಲವೂ ನಿಂತು ಕೈ ಕೊಡುತ್ತಿದ್ದರು. ಅವರೇ ಒಂದು ಕಡೆ ಎದುರಿನ ಇಳಿಜಾರು ತೋರಿಸಿದರು. ಹಸಿರು ಹುಲ್ಲಿನ ಕೆಳಗೆ ಸಾಲುಸಾಲಾಗಿ ಉಬ್ಬುಗೆರೆಗಳು, ಹಣೆಯ ನೆರಿಗೆಯ ಹಾಗೆ. “ಆಲೂಗೆಡ್ಡೆಯ ಪಾತಿಗಳು. 1845ರ ಮುಂಚಿನವು” ಎಂದರು. ಅಷ್ಟೇ ಹೇಳಿದ್ದು.

ಉಳಿದದ್ದು ನನಗೇ ಗೊತ್ತಿತ್ತು. 1845ರಿಂದ ಮುಂದಿನ ವರ್ಷಗಳಲ್ಲಿ ಐರ್ಲೆಂಡಿನ ಆಲೂಗೆಡ್ಡೆ ನೆಲದೊಳಗೇ ಕೊಳೆತುಹೋಯಿತು. ಬಡವರ ಹೊಟ್ಟೆಗೆ ಬೇರೇನೂ ಇರಲಿಲ್ಲ. ಸುಮಾರು ಹತ್ತು ಲಕ್ಷ ಜನ ಸತ್ತರು, ಇನ್ನೂ ಅಷ್ಟೇ ಜನ ಹಡಗು ಹತ್ತಿ ದೇಶ ಬಿಟ್ಟರು. ಮೇಯೋ ಜಿಲ್ಲೆ ಎಲ್ಲಕ್ಕಿಂತ ಹೆಚ್ಚು ನರಳಿದ ಜಿಲ್ಲೆಗಳಲ್ಲಿ ಒಂದು. ದೊರೆಗಳು ಧಾನ್ಯವನ್ನು ಹೊರಗೆ ಸಾಗಿಸುತ್ತಿದ್ದುದು, ಗೇಣಿದಾರರನ್ನು ಮನೆಯಿಂದ ಎಬ್ಬಿಸಿದ್ದು, ಅದು ಬೇರೆಯೇ ಕಥೆ. ಆದರೆ ಕೊಳೆಯಿಸಿದ ಜೀವಿಯ ಹೆಸರು ನನಗೆ ಬಾಯಿಪಾಠ: ಫೈಟಾಫ್ತೊರಾ. ಗಿಡಗಳನ್ನು ನಾಶಮಾಡುವಂಥದು ಎಂದು ಆ ಪದದ ಅರ್ಥ. ಅದೇ ಕುಲದ ಇನ್ನೊಂದು ಜೀವಿ ನಮ್ಮ ಅಡಿಕೆಗೆ ಬರುವ ಕೊಳೆರೋಗಕ್ಕೆ ಕಾರಣ. ಮಲೆನಾಡಿನವರಿಗೆ ಕೊಳೆಯ ಬಗ್ಗೆ ವಿವರಿಸಬೇಕಾಗಿಲ್ಲ. ಆಷಾಢದ ಮಳೆ ಬಿಡದೆ ಹತ್ತು ದಿನ ಹೊಯ್ದರೆ ಎಳೆಯ ಕಾಯಿ ಬುಡದಲ್ಲಿ ಬಣ್ಣಗೆಟ್ಟು ತೊಪತೊಪನೆ ಉದುರುತ್ತದೆ. ರಾತ್ರಿ ಮಲಗಿದವರಿಗೆ ಆ ಶಬ್ದ ಕೇಳುತ್ತದೆ.

ನಾನು ಆ ಗೆರೆಗಳನ್ನು ನೋಡುತ್ತ ನಿಂತೆ. ನಮ್ಮಪ್ಪನ ನೆನಪಾಯಿತು.

ನಮ್ಮದು ಕೊಪ್ಪದ ಕಡೆಯ ಸಣ್ಣ ತೋಟ. ನಾನು ಬಿ.ಎಸ್ಸಿ. ಮುಗಿಸಿ ಮನೆಯಲ್ಲಿದ್ದ ವರ್ಷ ಕೊಳೆ ಬಂದು ಮುಕ್ಕಾಲುಪಾಲು ಫಸಲು ಹೋಯಿತು. ಅಪ್ಪ ಔಷಧಿ ಹೊಡೆಸಲಿಲ್ಲವೆಂದಲ್ಲ. ಪ್ರತಿವರ್ಷವೂ ಮೈಲುತುತ್ತ, ಸುಣ್ಣ ಕಲಸಿ ಬೋರ್ಡೋ ದ್ರಾವಣವನ್ನು ತಾವೇ ತಯಾರಿಸುತ್ತಿದ್ದರು. ಮಲೆನಾಡಿಗೆ ಈ ಮದ್ದನ್ನು ಕಲಿಸಿದವರು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್, 1910ರ ಸುಮಾರಿಗೆ. ಅಪ್ಪನಿಗೆ ಅದು ಅವರಪ್ಪನಿಂದ ಬಂದ ವಿದ್ಯೆ. ಕಲಸಿದ ಮೇಲೆ ಕತ್ತಿಯ ತುದಿಯನ್ನು ದ್ರಾವಣದಲ್ಲಿ ಅದ್ದಿ ತೆಗೆದು ಬೆಳಕಿಗೆ ಹಿಡಿಯುತ್ತಿದ್ದರು. ಕತ್ತಿ ಕೆಂಪಾಗಿದ್ದರೆ “ಸುಣ್ಣ ಸಾಲದು” ಎಂದು ಇನ್ನೊಂದು ಹಿಡಿ ಹಾಕುವುದು. ಕಬ್ಬಿಣವು ತಾಮ್ರವನ್ನು ಸ್ಥಾನಪಲ್ಲಟ ಮಾಡುವ ಈ ಕ್ರಿಯೆಯನ್ನು ನಾನು ಮೂವತ್ತು ವರ್ಷದಿಂದ ಮೊಳೆ, ಪ್ರನಾಳ ಹಿಡಿದು ಹತ್ತನೆಯ ಕ್ಲಾಸಿಗೆ ಮಾಡಿ ತೋರಿಸುತ್ತಿದ್ದೇನೆ. ಅಪ್ಪನ ಹೆಸರನ್ನು ಒಂದು ಸಲವೂ ಹೇಳಿಲ್ಲ.

ಆ ವರ್ಷ ಶಿವರಾತ್ರಿಗೆ ಅಪ್ಪ ಧರ್ಮಸ್ಥಳಕ್ಕೆ ನಡೆದು ಹೋಗುತ್ತೇನೆಂದರು. ಬರಿಗಾಲಿನಲ್ಲಿ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿದು ಉಜಿರೆಯ ಮೇಲೆ. ಊಟ ಮುಗಿಸಿ ಕೈ ತೊಳೆಯುತ್ತ ನನ್ನ ಕಡೆ ನೋಡದೆ, “ನೀನೂ ಬಂದರೆ ಚೀಲ ಹಿಡಿಯೋಕೊಬ್ಬರು ಆಗ್ತಿತ್ತು” ಎಂದರು. ನಾನು ಹೊಸ ಬಿ.ಎಸ್ಸಿ. ನನಗಾಗ ಇಪ್ಪತ್ತೊಂದು. “ಕೊಳೆ ಬರೋದು ಒಂದು ಶಿಲೀಂಧ್ರದಿಂದ ಅಪ್ಪ. ಮಂಜುನಾಥನಿಗೂ ಅದಕ್ಕೂ ಸಂಬಂಧವಿಲ್ಲ. ನಿಮ್ಮ ಕಾಲು ಸವೆಸಿದರೆ ಅದೇನು ನಾಚಿ ಓಡಿಹೋಗುತ್ತದೆಯೇ?” ಎಂದೆ. ಮನೆಯಲ್ಲಿ ನೆಂಟರಿದ್ದರು. ಒಬ್ಬರು ನಕ್ಕರು.

ಅಪ್ಪ, “ಅದು ನನಗೂ ಗೊತ್ತು” ಎಂದು ಹೇಳಿ ಒಳಗೆ ಹೋದರು. ಮೂರನೆಯ ದಿನ ಬೆಳಗಿನ ಜಾವ ಒಬ್ಬರೇ ಹೊರಟರು.

ಅಂದಹಾಗೆ, ಫೈಟಾಫ್ತೊರಾವನ್ನು ಈಗ ಶಿಲೀಂಧ್ರವೆಂದು ಕರೆಯುವುದಿಲ್ಲ. ಅದು ಸಮುದ್ರದ ಕಂದು ಪಾಚಿಗಳಿಗೆ ಹತ್ತಿರದ ಬೇರೆಯೇ ವರ್ಗದ್ದು ಎಂದು ತೀರ್ಮಾನವಾಗಿದೆ. ನಾನು ಅಷ್ಟು ಜೋರಾಗಿ ಹೇಳಿದ ವಿಜ್ಞಾನವೂ ತಪ್ಪೇ.

ಹೋಗಲಿ. ಮೊದಲ ದಿನದ ನಡಿಗೆ ಆಹಗವರ್ ಎಂಬ ಊರಿನಲ್ಲಿ ಮುಗಿಯಿತು. ಅಲ್ಲೊಂದು ಪಾಳುಬಿದ್ದ ಇಗರ್ಜಿ, ಪಕ್ಕದಲ್ಲಿ ಕಲ್ಲಿನ ಉರುಟು ಗೋಪುರ. ಅಷ್ಟು ಹೊತ್ತಿಗೆ ನನ್ನ ಎಡಗಾಲಿನ ಹಿಮ್ಮಡಿಯಲ್ಲಿ ರೂಪಾಯಿಯಗಲದ ಗುಳ್ಳೆ ಎದ್ದಿತ್ತು. ಗೋಪುರದ ವಿಷಯ ಮಾರ್ಗದರ್ಶಿ ಏನೇನು ಹೇಳಿದರೋ ನನಗೆ ಕೇಳಲಿಲ್ಲ.

ಎರಡನೆಯ ದಿನ ದಾರಿ ಕಡಿಮೆ. ಸಂಜೆಯ ಸೂರ್ಯನಿಗೆ ಕಾಯಬೇಕಾದ್ದರಿಂದ ಎಲ್ಲರೂ ನಿಧಾನ. ಬೆಟ್ಟ ಆಗಾಗ ಕಾಣುತ್ತಿತ್ತು, ಮಕ್ಕಳು ಚಿತ್ರ ಬರೆಯುವಾಗ ಬರೆಯುತ್ತವಲ್ಲ, ಹಾಗೆ ನೇರ ತ್ರಿಕೋನ. ಎತ್ತರ 764 ಮೀಟರು. ನಮ್ಮ ಕುದುರೆಮುಖ, ಮುಳ್ಳಯ್ಯನಗಿರಿ ನೋಡಿದವರಿಗೆ ಇದು ದೊಡ್ಡದಲ್ಲ, ಆದರೆ ಕಡಲ ಮಟ್ಟದಿಂದಲೇ ಎದ್ದಿರುವುದರಿಂದ ಪೂರ್ತಿ ಎತ್ತರ ಕಣ್ಣಿಗೆ ಬೀಳುತ್ತದೆ. ಈ ಬೆಟ್ಟದೊಳಗೆ ಚಿನ್ನವಿದೆ ಎಂದು 1980ರ ದಶಕದಲ್ಲಿ ಗೊತ್ತಾಯಿತು. ಊರವರು ಗಣಿಗೆ ಬಿಡಲಿಲ್ಲ. ಚಿನ್ನ ಇನ್ನೂ ಒಳಗೇ ಇದೆ. ಕುದುರೆಮುಖದ ಗಣಿ 2005ರ ಕೊನೆಗೆ ನಿಲ್ಲುವ ಹೊತ್ತಿಗೆ ನಮ್ಮ ಭದ್ರೆ ಎಷ್ಟು ಹೂಳು ಕುಡಿದಿದ್ದಳು ಎಂದು ನೆನಪಾಗಿ ಸ್ವಲ್ಪ ಹೊಟ್ಟೆಯುರಿಯಿತು.

ಪ್ಯಾಟ್ರಿಕ್ ಸಂತ ಈ ಬೆಟ್ಟದ ಮೇಲಿಂದ ಗಂಟೆ ಬಾರಿಸಿ ಐರ್ಲೆಂಡಿನ ಹಾವುಗಳನ್ನೆಲ್ಲ ಕಡಲಿಗೆ ಅಟ್ಟಿದನೆಂದು ಕಥೆ. ನಿಜಕ್ಕೂ ಆ ದೇಶದ ಕಾಡಿನಲ್ಲಿ ಹಾವಿಲ್ಲ. ಹಿಮಯುಗ ಮುಗಿದು ನೆಲ ಬೆಚ್ಚಗಾಗಿ ಹಾವು ಬರುವಷ್ಟರಲ್ಲಿ ಕಡಲು ಏರಿ ದ್ವೀಪವನ್ನು ಬೇರೆ ಮಾಡಿಬಿಟ್ಟಿತ್ತು. ಇದನ್ನು ಹೇಳಬೇಕೆಂದು ಬಾಯಿ ತೆರೆದವನು ಸುಮ್ಮನಾದೆ. ಗುಂಪಿನಲ್ಲಿದ್ದವರಿಗೆ ಅದು ಗೊತ್ತಿತ್ತು. ಮಾರ್ಗದರ್ಶಿಯೇ ಕಥೆ ಹೇಳಿ ಮುಗಿಸಿ, ಕಣ್ಣು ಮಿಟುಕಿಸಿ, ಹಿಮಯುಗದ ವಿಷಯವನ್ನೂ ಹೇಳಿದರು. ಎರಡಕ್ಕೂ ಜನ ತಲೆದೂಗಿದರು.

ಬೋಹೆಯ ಬಂಡೆ ಒಂದು ಮನೆಯ ಹಿತ್ತಲಿನಂಥ ಜಾಗದಲ್ಲಿದೆ. ಮೈತುಂಬ ಬಟ್ಟಲಿನಂಥ ಕುಳಿಗಳು, ಸುತ್ತ ಉಂಗುರದ ಗೆರೆಗಳು, ಎಣಿಸಿದರೆ ನೂರಾರು. ಸಾವಿರಾರು ವರ್ಷಗಳ ಹಿಂದೆ ಯಾರೋ ಕಲ್ಲಿನಿಂದ ಕಲ್ಲನ್ನು ಕುಟ್ಟಿ ಮಾಡಿದ್ದು. ಇಲ್ಲಿಂದ ಸೂರ್ಯ ಬೆಟ್ಟದ ಮೇಲೆ ಉರುಳುವುದನ್ನು ನಮ್ಮ ಕಾಲದಲ್ಲಿ ಮತ್ತೆ ಗುರುತಿಸಿದವರು ಗೆರಿ ಬ್ರಾಕೆನ್ ಎಂಬ ಸ್ಥಳೀಯ ಇತಿಹಾಸಾಸಕ್ತರು. ಕೆತ್ತಿದವರು ಈ ಜಾಗವನ್ನೇ ಆರಿಸಿಕೊಂಡದ್ದು ಅದಕ್ಕಾಗಿಯೇ ಇರಬೇಕು ಎಂದು ಹೇಳುವವರಿದ್ದಾರೆ. ಡಿಸೆಂಬರ್ 21ನ್ನೂ ಸೇರಿಸಿಕೊಂಡರೆ ಈ ದಿನಗಳು ವರ್ಷವನ್ನು ಮೂರು ಸಮಭಾಗ ಮಾಡುತ್ತವೆ ಎಂದು ಕರಪತ್ರದಲ್ಲಿತ್ತು. ನಾನು ಬೆರಳು ಮಡಚಿ ಎಣಿಸಿದೆ. 118, 128, 119. ಹತ್ತು ದಿನ ಆಚೀಚೆ. ಕರಪತ್ರಕ್ಕೆ ಹತ್ತಕ್ಕೆ ಏಳು ಅಂಕ ಕೊಡಬಹುದು.

ಸೂರ್ಯ ಉರುಳುವುದಾದರೂ ಹೇಗೆ? ಉತ್ತರ ಸರಳ. ನಮ್ಮ ಊರಿನಲ್ಲಿ ಸೂರ್ಯ ಹೆಚ್ಚುಕಡಿಮೆ ನೆಟ್ಟಗೆ ಕೆಳಗಿಳಿಯುತ್ತಾನೆ, ಬಾವಿಗೆ ಬಿಟ್ಟ ಕೊಡದಂತೆ. ಏಪ್ರಿಲ್ ತಿಂಗಳಿನಲ್ಲಿ ಅವನ ಹಾದಿಗೂ ದಿಗಂತಕ್ಕೂ ನಡುವೆ ಸುಮಾರು 77 ಡಿಗ್ರಿ ಕೋನ. ಐರ್ಲೆಂಡ್ ಅಷ್ಟು ಉತ್ತರದಲ್ಲಿರುವುದರಿಂದ ಅಲ್ಲಿ ಆ ಕೋನ 35 ಡಿಗ್ರಿ ಮಾತ್ರ. ಸೂರ್ಯ ಬಲಕ್ಕೆ ಜಾರುತ್ತ ಓರೆಯಾಗಿ ಮುಳುಗುತ್ತಾನೆ. ಬೋಹೆಯಿಂದ ನೋಡಿದಾಗ ಬೆಟ್ಟದ ಬಲಮಗ್ಗುಲೂ ಹೆಚ್ಚುಕಡಿಮೆ ಅದೇ ಓರೆ. ಎರಡು ಓರೆಗಳು ಸೇರಿದಾಗ ಸುಮಾರು 20 ನಿಮಿಷ ಚೆಂಡು ಉರುಳುತ್ತದೆ. ಆಗಸ್ಟಿನಲ್ಲಿ ಮಗಳು ಮತ್ತೆ ಅಲ್ಲಿಗೆ ಹೋಗಿ ವಿಡಿಯೋ ಕಳಿಸಿದಳು. ಕ್ಲಾಸಿನಲ್ಲಿ ಅದನ್ನು ತೋರಿಸಿ, ಬೋರ್ಡಿನ ಮೇಲೆ ಎರಡೂ ಕೋನ ಬರೆದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, “ಹಾಗಾದ್ರೆ ನಮ್ಮೂರಲ್ಲಿ ಸೂರ್ಯ ಉರುಳಬೇಕಾದ್ರೆ 77 ಡಿಗ್ರಿ ಬೆಟ್ಟ ಬೇಕಲ್ಲ ಸಾರ್, ಅದನ್ನ ಯಾತ್ರೆಯವರು ಹತ್ತೋದು ಹೇಗೆ?” ಎಂದ. ಅವನಿಗೆ ಮಾತ್ರ ಹತ್ತಕ್ಕೆ ಹತ್ತು.

ಆದರೆ ನಾನು ನೋಡಿದ್ದು ಆ ವಿಡಿಯೋವನ್ನು ಮಾತ್ರ. ಏಪ್ರಿಲ್ 18ರ ಸಂಜೆ ಏಳೂವರೆಗೆ ಕಡಲ ಕಡೆಯಿಂದ ಮೋಡ ಬಂತು. ಬೇಸಿಗೆಯ ಹೊತ್ತಿನಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಎಂಟೂವರೆ ದಾಟಿದ ಮೇಲೆ. ಅಷ್ಟರಲ್ಲಿ ಬೆಟ್ಟವೇ ಮಾಯವಾಗಿತ್ತು. ನಾವು, ಊರವರು, ಎಲ್ಲೆಲ್ಲಿಂದಲೋ ಬಂದವರು ಸೇರಿ ಐವತ್ತು ಜನ ಹನಿಮಳೆಯಲ್ಲಿ ಬೂದು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದೆವು. ಎಂಟು ಸಾವಿರ ಕಿಲೋಮೀಟರ್ ದೂರದಿಂದ ಬಂದವನು ನಾನು! ಆಗಸ್ಟಿಗೆ ನನಗೆ ಶಾಲೆ. ಯಾರೋ ಫ್ಲಾಸ್ಕಿನಿಂದ ಟೀ ಬಗ್ಗಿಸಿ ಕೊಟ್ಟರು. ಮುಳುಗುವ ಹೊತ್ತಾಯಿತೆಂದು ಗಡಿಯಾರ ನೋಡಿ ಗೊತ್ತು ಮಾಡಿಕೊಂಡೆವು. ಬಸ್ ಡ್ರೈವರು ಮೋಡದ ಕಡೆ ಕೈತೋರಿಸಿ, “ಅವನು ಈಗ ಅಲ್ಲಿ ಉರುಳುತ್ತಿದ್ದಾನೆ” ಎಂದರು. ಜನ ನಕ್ಕರು. ಒಬ್ಬರೂ ಬೇಸರದ ಮಾತಾಡಲಿಲ್ಲ. ನಾನೂ ಆಡಲಿಲ್ಲ, ಆದರೆ ಒಳಗೆ ಕುದಿಯುತ್ತಿದ್ದೆ. ನಾನು ಬಂದದ್ದೇ ಅದಕ್ಕಲ್ಲವೇ? ಆ ರಾತ್ರಿ ಹೆಂಡತಿಗೆ, “ನಾಳೆ ಬೆಟ್ಟ ಹತ್ತುವ ಅಗತ್ಯವೇನಿಲ್ಲ, ಕಾಲೂ ಸರಿಯಿಲ್ಲ” ಎಂದೆ. ಅವಳು ಮಗುವನ್ನು ತೂಗುತ್ತ, “ನಿಮ್ಮಿಷ್ಟ” ಎಂದಳು. ಅವಳ “ನಿಮ್ಮಿಷ್ಟ”ದ ಅರ್ಥ ಮೂವತ್ತು ವರ್ಷದಿಂದ ನನಗೆ ಗೊತ್ತು. ಬೆಳಿಗ್ಗೆ ಬೂಟು ಕಟ್ಟಿಕೊಂಡೆ.

ಬೆಟ್ಟದ ಹೆಗಲಿಗೆ ಬರುವವರೆಗೆ ಹುಲ್ಲು, ಕೆಸರು, ಕಲ್ಲು. ಅಲ್ಲಿ ಮುರಿಸ್ಕ್ ಹಳ್ಳಿಯ ಕಡೆಯಿಂದ ಬರುವ ಹೆದ್ದಾರಿಯಂಥ ಕಾಲುದಾರಿ ಕೂಡುತ್ತದೆ. ಜುಲೈ ತಿಂಗಳ ಕೊನೆಯ ಭಾನುವಾರ ಇಲ್ಲಿ ಸಾವಿರಗಟ್ಟಲೆ ಜನ ಏರುತ್ತಾರೆ. ಹೆಗಲಿನ ಮೇಲೆ ಒಂದು ಕಲ್ಲುಗುಡ್ಡೆ, ಸಂತನ ಶಿಷ್ಯ ಬೆನಾನನದು. ಅದಕ್ಕೆ ಏಳು ಸುತ್ತು ಬರಬೇಕು, ಪ್ರಾರ್ಥನೆ ಹೇಳುತ್ತ. ಬಲಕ್ಕೇ ಸುತ್ತಬೇಕು, ಸೂರ್ಯ ಹೋಗುವ ದಿಕ್ಕಿನಲ್ಲಿ. ಅದಕ್ಕೆ ಐರಿಷ್ ಭಾಷೆಯಲ್ಲಿ ‘ದೆಶಲ್’ ಎಂದು ಹೆಸರು. ಆ ಭಾಷೆಯ ‘ದ್ಯಾಸ್’ ಪದಕ್ಕೆ ಬಲ ಎಂದೂ ಅರ್ಥ, ತೆಂಕಣ ದಿಕ್ಕು ಎಂದೂ ಅರ್ಥ. ನಮ್ಮ ‘ದಕ್ಷಿಣ’ಕ್ಕೂ ಅವೇ ಎರಡು ಅರ್ಥ, ಎರಡಕ್ಕೂ ಮೂಲ ಒಂದೇ. ಪೂರ್ವಕ್ಕೆ ಮುಖ ಮಾಡಿ ನಿಂತವನ ಬಲಗೈ ತೆಂಕಣಕ್ಕಿರುತ್ತದೆ, ಅಷ್ಟೇ. ಪ್ರದಕ್ಷಿಣೆ! ಇದನ್ನು ಡ್ರೈವರಿಗೆ ಹೇಳಿದೆ. ಅವರು ಸುತ್ತುತ್ತಲೇ ತಲೆಯಾಡಿಸಿದರು. ಅವರ ಮುಷ್ಟಿಯಲ್ಲಿ ಏಳು ಬೆಣಚುಕಲ್ಲು. ಒಂದೊಂದು ಸುತ್ತಿಗೂ ಒಂದೊಂದನ್ನು ಕೆಳಗೆ ಬಿಡುತ್ತಿದ್ದರು.

ಏಳನೆಯ ಕಲ್ಲು ಬಿಟ್ಟ ಮೇಲೆ ಅವರು ಒಂದು ಬಂಡೆಯ ಮೇಲೆ ಕೂತು ಬೂಟು ಬಿಚ್ಚಿದರು, ಕಾಲುಚೀಲ ಬಿಚ್ಚಿದರು. ಮುಂದೆ ಇರುವುದು ಬೆಟ್ಟದ ಶಂಕು. ಮೊನಚಾದ ಬಿಳಿಗಲ್ಲಿನ ರಾಶಿ, ಒಂದು ಹೆಜ್ಜೆ ಏರಿದರೆ ಅರ್ಧ ಹೆಜ್ಜೆ ಜಾರುವಂಥದು. ಜನ ಹತ್ತಿ ಹತ್ತಿ ಸವೆದ ದಾರಿಗೆ ಅಲ್ಲಲ್ಲಿ ಹೊಸದಾಗಿ ಕಲ್ಲು ಜೋಡಿಸಿದ್ದಾರೆ, ಎಲ್ಲ ಕಡೆಯೂ ಅಲ್ಲ. ಅವರ ಪಾದಗಳು ಮಳೆಯಲ್ಲಿ ಬಹಳ ಬಿಳಿಯಾಗಿ ಕಂಡವು. ಚೀಲದಲ್ಲಿ ಜಾಗವಿರಲಿಲ್ಲವೋ ಏನೋ, ನನ್ನ ಕಡೆ ನೋಡಿ, “ಇವನ್ನು ಸ್ವಲ್ಪ ಹಿಡಿದುಕೊಳ್ಳುತ್ತೀರಾ? ಮೇಲೆ ತಲುಪುವವರೆಗೆ” ಎಂದರು.

ಒದ್ದೆ ಬೂಟುಗಳು ಭಾರವಿದ್ದವು. ದಾರದಿಂದ ಎರಡನ್ನೂ ಗಂಟು ಹಾಕಿ ಕೊರಳಿಗೆ ಹಾಕಿಕೊಂಡೆ. ಅವರು ಮುಂದೆ, ನಾನು ಹಿಂದೆ. ಸುಮಾರು ಒಂದು ಗಂಟೆ. ಪ್ರತಿ ಹೆಜ್ಜೆಗೂ ಬೂಟು ನನ್ನ ಎದೆಗೆ ಬಡಿಯುತ್ತಿತ್ತು. ಅವರ ಬಲಪಾದದ ಅಂಚಿನಲ್ಲಿ ರಕ್ತ ಒಸರಿ ಮಳೆಗೆ ತೊಳೆದುಹೋಗುತ್ತಿತ್ತು. ಒಮ್ಮೆ ನಿಂತು ಉಸಿರು ತೆಗೆದುಕೊಂಡಾಗ ನಾನು ಕೇಳಬಾರದ್ದನ್ನು ಕೇಳಿದೆ. “ಯಾತಕ್ಕಾಗಿ?” ಅವರು, “ಮೊಣಕಾಲು ಇನ್ನೂ ಸರಿಯಿದೆಯೇ ಅಂತ ನೋಡಲಿಕ್ಕೆ” ಎಂದು ನಕ್ಕು ಮುಂದೆ ಹೊರಟರು. ಮತ್ತೆ ಕೇಳಲಿಲ್ಲ. ಮೂರು ದಿನದಲ್ಲಿ ಯಾರೂ ನನ್ನನ್ನೂ ಕೇಳಿರಲಿಲ್ಲ ಎಂಬುದು ಆಗ ಹೊಳೆಯಿತು.

ಅಪ್ಪ ತೀರಿಕೊಂಡ ಮೇಲೆ ಒಂದು ದಿನ ಅಮ್ಮನ ಹತ್ತಿರ ಆ ಶಿವರಾತ್ರಿಯ ಮಾತು ತೆಗೆದಿದ್ದೆ. “ಕೊಳೆ ಬಂದ ವರ್ಷ ಅಪ್ಪ ಅಡಿಕೆಗೋಸ್ಕರ ನಡೆದು ಹೋದರಲ್ಲ” ಎಂದೆ. ಅಮ್ಮ ಅಕ್ಕಿ ಆರಿಸುತ್ತಿದ್ದವಳು ತಲೆಯೆತ್ತಿ, “ಅಡಿಕೆಗೆ ಅಂತ ನಿಂಗೆ ಯಾರು ಹೇಳಿದ್ದು?” ಎಂದಳು. ಮತ್ತೆ ತಲೆ ತಗ್ಗಿಸಿದಳು. ನಾನು ಮುಂದಕ್ಕೆ ಕೇಳಲಿಲ್ಲ. ಅಪ್ಪ ಆ ನಡಿಗೆಯ ಮೇಲೆ ಹದಿನೇಳು ವರ್ಷ ಬದುಕಿದ್ದರು. ಆಗಲೂ ಕೇಳಲಿಲ್ಲ. ಈಗ ಅಮ್ಮನೂ ಇಲ್ಲ. ಹರಕೆ ಯಾರ ಮೇಲಿನದೋ, ನನ್ನ ಮೇಲಿನದೋ, ಅವರಿಬ್ಬರ ನಡುವೆಯೇ ಉಳಿಯಿತು.

ತುದಿಯಲ್ಲಿ 1905ರಲ್ಲಿ ಕಟ್ಟಿದ ಬಿಳಿಯ ಪುಟ್ಟ ಇಗರ್ಜಿ, ಬಾಗಿಲು ಹಾಕಿತ್ತು. ಜನ ಅದರ ಸುತ್ತ ಹದಿನೈದು ಸುತ್ತು ಬರುತ್ತಾರೆ. ನಾನು ಬೂಟು ಹಿಡಿದುಕೊಂಡು ಗೋಡೆಯ ಮರೆಯಲ್ಲಿ ಕೂತೆ. ಮೋಡ ಒಂದು ಕಡೆ ಹರಿದು ಕೆಳಗೆ ಕ್ಲೂ ಕೊಲ್ಲಿ ಕಾಣಿಸಿತು. ನೀರಿನ ತುಂಬ ಬೆನ್ನುಬ್ಬಿದ ಹಸಿರು ದಿಬ್ಬಗಳು, ಹಿಮನದಿ ಬಿಟ್ಟುಹೋದ ಮಣ್ಣಿನ ಗುಡ್ಡೆಗಳು ಅರ್ಧ ಮುಳುಗಿದವು. ವರ್ಷಕ್ಕೆಷ್ಟು ದಿನವೋ ಅಷ್ಟು, 365 ದ್ವೀಪಗಳೆಂದು ಜನ ಹೇಳುತ್ತಾರೆ. ಅಷ್ಟಿಲ್ಲ. ಈ ಸಲ ಎಣಿಸಲು ಹೋಗಲಿಲ್ಲ. ಡ್ರೈವರು ಸುತ್ತು ಮುಗಿಸಿ ಬಂದು ಪಕ್ಕದಲ್ಲಿ ಕೂತರು. ನನ್ನ ಟವೆಲು ಕೊಟ್ಟೆ. ಕಾಲೊರೆಸಿಕೊಂಡು, ಬೂಟು ಹಾಕಿಕೊಂಡು, ಬ್ರೆಡ್ಡಿನ ಅರ್ಧ ನನಗೆ ಕೊಟ್ಟರು. ಒಳಗೆ ಮಾಂಸವಿದೆಯೆಂದು ನೆನಪಾಗಿ ಅವರೇ ವಾಪಸು ತೆಗೆದುಕೊಂಡು ಒಂದು ಸೇಬು ಕೊಟ್ಟರು.

ಇಳಿಯುವುದು ಏರುವುದಕ್ಕಿಂತ ಕಷ್ಟ, ಅದನ್ನು ಬರೆಯುವುದಿಲ್ಲ. ಮುರಿಸ್ಕಿನಲ್ಲಿ, ಬೆಟ್ಟದ ಬುಡಕ್ಕೇ, ಕಂಚಿನ ಒಂದು ಹಡಗು ನಿಂತಿದೆ. ಕ್ಷಾಮದ ಸ್ಮಾರಕ. ಮಾಡಿದವರು ಜಾನ್ ಬೀಹನ್, ಅನಾವರಣಗೊಂಡದ್ದು 1997ರಲ್ಲಿ. ದೂರದಿಂದ ಹಡಗಿನ ಹಗ್ಗಗಳಂತೆ ಕಾಣುವುದು ಹತ್ತಿರ ಹೋದರೆ ಅಸ್ಥಿಪಂಜರಗಳು. ದೇಶ ಬಿಟ್ಟು ಹೊರಟು ಕಡಲಿನಲ್ಲೇ ಸತ್ತವರು. ಬೋರ್ಡೋ ದ್ರಾವಣದ ಗುಣ ಫ್ರಾನ್ಸಿನಲ್ಲಿ ಗೊತ್ತಾಗಿ ಪ್ರಕಟವಾದದ್ದು 1885ರಲ್ಲಿ. ಇವರಿಗೆ ನಲವತ್ತು ವರ್ಷ ತಡವಾಯಿತು. ಒಂದು ಹಿಡಿ ಮೈಲುತುತ್ತ, ಒಂದು ಹಿಡಿ ಸುಣ್ಣ. ನಾನು ಇದನ್ನು ಡ್ರೈವರಿಗೆ ಹೇಳಿದೆ. ಅಪ್ಪ ಕತ್ತಿಯ ತುದಿ ಅದ್ದಿ ನೋಡುತ್ತಿದ್ದುದನ್ನೂ ಹೇಳಿದೆ. ಅವರು ಅದನ್ನು ಎರಡು ಸಲ ಕೇಳಿ ತಿಳಿದುಕೊಂಡರು. “ಕೆಂಪಾದರೆ ಸುಣ್ಣ ಸಾಲದು ಅಂತ ಅಲ್ಲವೇ?” ಹೌದು ಎಂದೆ.

ವೆಸ್ಟ್‌ಪೋರ್ಟಿನ ಕೋಣೆಯಲ್ಲಿ ಮಗಳು ಮಗುವಿನ ಸ್ನಾನದ ಟಬ್ಬಿಗೆ ಬಿಸಿನೀರು ತುಂಬಿ, ಉಪ್ಪು ಹಾಕಿ ತಂದಿಟ್ಟಳು. ಕಾಲು ಇಳಿಬಿಟ್ಟೆ. ಅಪ್ಪ ಧರ್ಮಸ್ಥಳದಿಂದ ಬಸ್ಸಿನಲ್ಲಿ ವಾಪಸು ಬಂದ ರಾತ್ರಿ ಬಚ್ಚಲಿನಲ್ಲಿ ಹಂಡೆಯ ನೀರು ಮೊಗೆದು ಹೊಯ್ಯುವ ಸದ್ದು ಉಪ್ಪರಿಗೆಯ ನನ್ನ ಕೋಣೆಗೆ ಕೇಳಿಸಿತ್ತು. ಅಮ್ಮ ಏನೋ ಕೇಳುತ್ತಿದ್ದಳು, ಅಪ್ಪ ಸಣ್ಣಗೆ ಉತ್ತರ ಹೇಳುತ್ತಿದ್ದರು. ನಾನು ದೀಪ ಆರಿಸಿ ಮಲಗಿದ್ದೆ.

“ಎಷ್ಟು ಗುಳ್ಳೆ?” ಎಂದಳು ಹೆಂಡತಿ.

“ನಾಲ್ಕು.”

“ನೋಯ್ತಿದೆಯಾ?”

ನೋಯುತ್ತಿತ್ತು. ಹೌದು ಎಂದೆ. ಮೊಮ್ಮಗ ತೆವಳಿಕೊಂಡು ಬಂದು ಟಬ್ಬಿನ ಅಂಚು ಹಿಡಿದು ನಿಂತು, ನೀರಿಗೆ ಕೈ ಹಾಕಿ ಪಟಪಟ ಬಡಿಯತೊಡಗಿದ.